ಹಸ್ತಪ್ರತಿ ಸೂಚಿಯ ವರ್ಕ್‌ಶೀಟ್: ಅನವಧಾನದ ಬದಲಾವಣೆಗಳಿಂದ ರಕ್ಷಣೆ

ಹಸ್ತಪ್ರತಿ ಭಂಡಾರಕ್ಕೆ ಸೂಚಿಯೇ ಕಣ್ಣು. ಭಂಡಾರದಲ್ಲಿ ಎಷ್ಟೇ ಅಮೂಲ್ಯವಾದ ಗ್ರಂಥಗಳಿದ್ದರೂ, ಯಾವ ಕೃತಿ ಯಾವ ಕಟ್ಟಿನಲ್ಲಿದೆ, ಆ ಕಟ್ಟಿನ ಎಷ್ಟನೆಯ ಓಲೆಯಿಂದ ಅದು ಆರಂಭವಾಗುತ್ತದೆ ಎಂಬುದು ತಿಳಿಯದಿದ್ದರೆ ಅವು ಇದ್ದೂ ಇಲ್ಲದಂತೆಯೇ ಸರಿ. ಎಚ್. ಡಿ. ವೇಲಣಕರರ ‘ಜಿನರತ್ನಕೋಶ’ವು 1944ರಲ್ಲಿಯೂ, ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯು 1948ರಲ್ಲಿಯೂ ಪ್ರಕಟವಾದ ಮೇಲೆ ಜೈನ ವಾಙ್ಮಯದ ಸಂಶೋಧನೆ ಎಷ್ಟು ಸುಗಮವಾಯಿತೆಂಬುದು ವಿದ್ವಜ್ಜನರಿಗೆ ವಿದಿತವೇ ಆಗಿದೆ. ಇಂತಹ ಅಚ್ಚಾದ ಸೂಚಿಗಳಿಗೆ ಒಂದು ಗುಣವುಂಟು. ಅವುಗಳಲ್ಲಿ ತಪ್ಪಿದ್ದರೆ ಆ ತಪ್ಪು ಎಲ್ಲ ಪ್ರತಿಗಳಲ್ಲಿಯೂ ಒಂದೇ ತೆರನಾಗಿರುತ್ತದೆ. ತಿದ್ದುಪಡಿಯ ಪಟ್ಟಿಯಿಂದ ಅದನ್ನು ಸರಿಪಡಿಸಬಹುದು. ಒಮ್ಮೆ ಸರಿಯಾಗಿ ಅಚ್ಚಾದುದು ಮುಂದೆ ತಾನಾಗಿ ಕೆಡುವುದಿಲ್ಲ.

ಇಂದು ಭಂಡಾರಗಳ ಸೂಚಿಗಳು ಬಹುಮಟ್ಟಿಗೆ ಗಣಕಯಂತ್ರದಲ್ಲಿ, ಸ್ಪ್ರೆಡ್‌ಶೀಟ್ ಎಂದು ಕರೆಯಲ್ಪಡುವ ಕೋಷ್ಟಕರೂಪದ ಕಡತಗಳಲ್ಲಿ ಸಿದ್ಧವಾಗುತ್ತಿವೆ. ಕಡತದ ಒಂದೊಂದು ಹಾಳೆಗೆ ವರ್ಕ್‌ಶೀಟ್ ಎಂದೂ, ಅಡ್ಡಸಾಲು ಕಂಬಸಾಲುಗಳು ಕೂಡುವ ಒಂದೊಂದು ಮನೆಗೆ ಸೆಲ್ ಎಂದೂ ಹೆಸರು. ಹುಡುಕುವುದಕ್ಕೂ ವಿಂಗಡಿಸುವುದಕ್ಕೂ ಇದರಷ್ಟು ಅನುಕೂಲವಾದ ಸಾಧನ ಹಿಂದಿನ ಸೂಚಿಕಾರರಿಗೆ ಇರಲಿಲ್ಲ. ಆದರೆ ಅಚ್ಚಿನ ಸೂಚಿಗೆ ಇದ್ದ ಸ್ಥಿರತೆ ಇದಕ್ಕಿಲ್ಲ. ಸರಿಯಾಗಿ ಬರೆದುದೂ ಇಲ್ಲಿ ಒಂದು ಕ್ಷಣದ ಅನವಧಾನದಿಂದ ಕೆಡಬಹುದು. ಈ ಅನವಧಾನದಿಂದ ವರ್ಕ್‌ಶೀಟನ್ನು ರಕ್ಷಿಸುವ ಉಪಾಯಗಳನ್ನೂ, ಆ ಉಪಾಯಗಳ ಮಿತಿಯನ್ನೂ ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1. ಪ್ರಮಾದದ ಸ್ವರೂಪ

ಲೇಖಕಪ್ರಮಾದವೆಂಬುದು ಪಾಠಪರಿಷ್ಕರಣದಲ್ಲಿ ತೊಡಗಿದವರಿಗೆ ಹೊಸ ಮಾತಲ್ಲ. ಓಲೆಯ ಮೇಲೆ ಲಿಪಿಕಾರನು ಅಕ್ಷರ ಬಿಟ್ಟಿದ್ದರೆ ಛಂದಸ್ಸು ಕೆಡುತ್ತದೆ. ಸಾಲು ಬಿಟ್ಟಿದ್ದರೆ ಅನ್ವಯ ತಪ್ಪುತ್ತದೆ. ಹೊಡೆದುಹಾಕಿದ್ದರೆ ಆ ಗುರುತು ಕಣ್ಣಿಗೆ ಕಾಣುತ್ತದೆ. ಪ್ರಮಾದವು ತನ್ನ ಹೆಜ್ಜೆಯನ್ನು ಉಳಿಸಿಯೇ ಹೋಗುತ್ತದೆ. ವರ್ಕ್‌ಶೀಟಿನಲ್ಲಾದರೋ ಹಳೆಯ ಅಕ್ಷರ ಅಳಿದ ಗುರುತಿಲ್ಲ, ಹೊಸ ಅಕ್ಷರ ಸೇರಿದ ಗುರುತೂ ಇಲ್ಲ. ಮೊದಲಿದ್ದಷ್ಟೇ ಸ್ಫುಟವಾಗಿ ತಪ್ಪು ಪಾಠವೂ ಕಂಗೊಳಿಸುತ್ತದೆ. ಮಾಡಿದ್ದನ್ನು ಹಿಂದೆಗೆಯುವ ಸೌಲಭ್ಯ ಉಂಟಾದರೂ, ಕಡತವನ್ನು ಮುಚ್ಚಿದೊಡನೆ ಆ ಸೌಲಭ್ಯ ಇಲ್ಲವಾಗುತ್ತದೆ.

ಅನವಧಾನದ ಬದಲಾವಣೆಗಳು ಮುಖ್ಯವಾಗಿ ನಾಲ್ಕು ಬಗೆಯವು. ಮೊದಲನೆಯದು ಮೇಲೆ ಬರೆಯುವುದು. ಸೆಲ್ಲಿನ ಮೇಲೆ ಗುರುತು ನಿಂತಿರುವಾಗ ಒಂದು ಕೀಲಿಯನ್ನು ಒತ್ತಿ ಮುಂದೆ ಸಾಗಿದರೆ, ಅಕ್ಷರವು ಇದ್ದ ಪಾಠಕ್ಕೆ ಸೇರುವುದಿಲ್ಲ. ಇದ್ದ ಪಾಠವೆಲ್ಲ ಅಳಿದು ಆ ಒಂದು ಅಕ್ಷರವೇ ಉಳಿಯುತ್ತದೆ. ಎರಡನೆಯದು ಎಳೆಯುವುದು. ಸೆಲ್ಲಿನ ಕೆಳಮೂಲೆಯನ್ನು ಮೌಸಿನಿಂದ ಹಿಡಿದು ಎಳೆದರೆ ಅದರಲ್ಲಿರುವುದು ಕೆಳಗಿನ ಸೆಲ್ಲುಗಳಲ್ಲೆಲ್ಲ ತುಂಬಿಕೊಂಡು, ಅಲ್ಲಿದ್ದ ಪಾಠಗಳು ಅಳಿಯುತ್ತವೆ. ಮೂರನೆಯದು ಒಟ್ಟಾಗಿ ಬದಲಿಸುವುದು. ಒಂದು ಕಡೆಯ ‘ನಂದಿ’ಯನ್ನು ತಿದ್ದಲು ಹೊರಟು ಎಲ್ಲ ಕಡೆಯೂ ಬದಲಾಯಿಸೆಂದು ಆಜ್ಞೆ ಕೊಟ್ಟರೆ ಪದ್ಮನಂದಿ, ದೇವನಂದಿ, ವೀರನಂದಿ ಮೊದಲಾದ ಹೆಸರುಗಳೆಲ್ಲ ಒಮ್ಮೆಗೇ ಮಾರ್ಪಡುತ್ತವೆ.

ನಾಲ್ಕನೆಯದು ಎಲ್ಲಕ್ಕಿಂತ ಅಪಾಯಕರವಾದುದು. ಅದು ಒಂದೇ ಕಂಬಸಾಲನ್ನು ಅಕಾರಾದಿಯಾಗಿ ವಿಂಗಡಿಸುವುದು. ಸೂಚಿಯಲ್ಲಿ ಕಟ್ಟಿನ ಸಂಖ್ಯೆ, ಕೃತಿ, ಕರ್ತೃ, ಭಾಷೆ, ಲಿಪಿ ಎಂಬ ಕಂಬಸಾಲುಗಳಿವೆಯೆಂದು ಭಾವಿಸಬಹುದು. ಕರ್ತೃವಿನ ಕಂಬಸಾಲನ್ನು ಮಾತ್ರ ಆಯ್ದು ವಿಂಗಡಿಸಿದರೆ ಹೆಸರುಗಳು ಮೇಲೆ ಕೆಳಗೆ ಸರಿಯುತ್ತವೆ. ಕೃತಿಗಳು ಇದ್ದಲ್ಲಿಯೇ ನಿಲ್ಲುತ್ತವೆ. ಆಗ ನಯಸೇನನ ಕನ್ನಡ ‘ಧರ್ಮಾಮೃತ’ದ ಎದುರಿಗೆ ಆಶಾಧರನ ಹೆಸರು ಬಂದು ನಿಂತರೆ, ಅದೇ ಹೆಸರಿನ ಸಂಸ್ಕೃತ ಗ್ರಂಥವನ್ನು ಆಶಾಧರನೂ ರಚಿಸಿರುವುದರಿಂದ, ಓದುವವನಿಗೆ ಸಂಶಯವೇ ಹುಟ್ಟುವುದಿಲ್ಲ. ಅಸಂಗತವಾದ ತಪ್ಪು ತಾನೇ ಸಿಕ್ಕಿಬೀಳುತ್ತದೆ. ಸಂಗತವಾಗಿ ತೋರುವ ತಪ್ಪು ಮುಂದಿನ ಸೂಚಿಗಳಿಗೂ ಪ್ರಬಂಧಗಳಿಗೂ ಸಾಗುತ್ತದೆ. ಒಂದು ಕಂಬಸಾಲನ್ನು ಮಾತ್ರ ಆಯ್ದಾಗ, ಪಕ್ಕದ ಸಾಲುಗಳನ್ನೂ ಸೇರಿಸಬೇಕೇ ಎಂದು ಎಕ್ಸೆಲ್ ತಂತ್ರಾಂಶ ಕೇಳುವುದುಂಟು. ಆದರೆ ನಡುವೆ ಖಾಲಿ ಕಂಬಸಾಲೊಂದು ಇದ್ದರೆ ಅದರಾಚೆಗಿನ ಭಾಗವನ್ನು ಅದು ಬೇರೆ ಕೋಷ್ಟಕವೆಂದೇ ಬಗೆದು, ಕೇಳದೆ ಬಿಟ್ಟುಬಿಡುತ್ತದೆ.

ಇದರಿಂದಾಗುವ ಹಾನಿ ಕಡತದಲ್ಲಿಯೇ ನಿಲ್ಲುವುದಿಲ್ಲ. ಒಂದೇ ಓಲೆಕಟ್ಟಿನಲ್ಲಿ ಹಲವು ಕೃತಿಗಳಿರುವುದು ಸಾಮಾನ್ಯ. ಕಟ್ಟಿನ ಸಂಖ್ಯೆಗೂ ಕೃತಿಗೂ ಇರುವ ಸಂಬಂಧ ಒಮ್ಮೆ ತಪ್ಪಿದರೆ, ಅದನ್ನು ಮರಳಿ ಸ್ಥಾಪಿಸಲು ಕಟ್ಟುಗಳನ್ನೇ ಬಿಚ್ಚಿ, ಓಲೆಗಳನ್ನು ಒಂದೊಂದಾಗಿ ಓದಬೇಕಾಗುತ್ತದೆ. ಅಂಚು ಮುರಿದ, ಹುಳು ತಿಂದ ಓಲೆಗಳನ್ನು ಒಂದು ಸಲ ಹೆಚ್ಚಾಗಿ ಬಿಚ್ಚುವುದೆಂದರೆ ಅವುಗಳ ಆಯುಷ್ಯವನ್ನು ಅಷ್ಟು ಕುಗ್ಗಿಸಿದಂತೆಯೇ. ಗಣಕದ ಮುಂದಿನ ಒಂದು ಕ್ಷಣದ ಪ್ರಮಾದಕ್ಕೆ ಓಲೆಯು ದಂಡ ತೆರುವಂತಾಗಬಾರದು.

2. ರಕ್ಷಣೆಯ ತತ್ತ್ವ

ಎಕ್ಸೆಲ್ ತಂತ್ರಾಂಶದಲ್ಲಿ ವರ್ಕ್‌ಶೀಟಿನ ರಕ್ಷಣೆ ಎರಡು ಹಂತಗಳಲ್ಲಿ ನಡೆಯುತ್ತದೆ. ಈ ಎರಡರ ಭೇದವನ್ನು ಗ್ರಹಿಸದಿರುವುದೇ ಹೆಚ್ಚಿನ ಗೊಂದಲಗಳಿಗೆ ಕಾರಣ. ಪ್ರತಿಯೊಂದು ಸೆಲ್ಲಿಗೂ ‘ಲಾಕ್ಡ್’ ಎಂಬ ಒಂದು ಲಕ್ಷಣವಿರುತ್ತದೆ. ಹೊಸ ಹಾಳೆಯಲ್ಲಿ ಎಲ್ಲ ಸೆಲ್ಲುಗಳೂ ಹುಟ್ಟಿನಿಂದಲೇ ಈ ಲಕ್ಷಣವನ್ನು ಪಡೆದಿರುತ್ತವೆ. ಆದರೂ ಅವುಗಳಲ್ಲಿ ಬರೆಯಲು ತೊಡಕಿಲ್ಲದಿರುವುದು ಏಕೆಂದರೆ, ಹಾಳೆಗೆ ರಕ್ಷಣೆ ಕೊಡುವವರೆಗೂ ಆ ಲಕ್ಷಣ ಕಾರ್ಯಕಾರಿಯಾಗುವುದಿಲ್ಲ. ಮನೆಯ ಬಾಗಿಲುಗಳಿಗೆಲ್ಲ ಬೀಗ ಜೋಡಿಸಿದ್ದು, ಕೀಲಿಯನ್ನು ಮಾತ್ರ ಇನ್ನೂ ತಿರುಗಿಸದ ಸ್ಥಿತಿಯಂತೆ ಇದನ್ನು ತಿಳಿಯಬಹುದು.

ಆದುದರಿಂದ ಸೂಚಿಕಾರನ ಕೆಲಸವು ಸೆಲ್ಲುಗಳಿಗೆ ಬೀಗ ಹಾಕುವುದಲ್ಲ. ಯಾವ ಸೆಲ್ಲುಗಳು ತೆರೆದಿರಬೇಕೆಂಬುದನ್ನು ನಿರ್ಣಯಿಸಿ ಅವಕ್ಕೆ ಮಾತ್ರ ಬೀಗ ತೆಗೆಯುವುದು. ಈ ನಿರ್ಣಯ ಯಂತ್ರದ್ದಲ್ಲ, ವಿದ್ವಾಂಸನದು. ಕಟ್ಟಿನ ಸಂಖ್ಯೆ, ಕೃತಿ, ಕರ್ತೃ, ಓಲೆಗಳ ಸಂಖ್ಯೆ, ಅಳತೆ, ಲಿಪಿ, ಭಾಷೆ, ಆದ್ಯಂತಗಳು ಪರಿಶೀಲನೆಯಾದ ಮೇಲೆ ಬದಲಾಗಬೇಕಾದವಲ್ಲ. ಪ್ರತಿಯ ಸ್ಥಿತಿ, ಛಾಯಾಚಿತ್ರಣವಾದ ದಿನಾಂಕ, ಟಿಪ್ಪಣಿ ಇವು ಕಾಲಕಾಲಕ್ಕೆ ಬದಲಾಗತಕ್ಕವು. ಮೊದಲನೆಯ ವರ್ಗ ಮುಚ್ಚಿರಬೇಕು. ಎರಡನೆಯ ವರ್ಗ ತೆರೆದಿರಬೇಕು.

3. ವಿಧಾನ

ತೆರೆದಿರಬೇಕಾದ ಕಂಬಸಾಲುಗಳನ್ನು ಮೊದಲು ಆಯ್ದುಕೊಳ್ಳಬೇಕು. ಅನಂತರ ‘ಫಾರ್ಮ್ಯಾಟ್ ಸೆಲ್ಸ್’ ಎಂಬ ಚೌಕವನ್ನು ತೆರೆದು, ಅದರ ‘ಪ್ರೊಟೆಕ್ಷನ್’ ಎಂಬ ಪುಟದಲ್ಲಿ ‘ಲಾಕ್ಡ್’ ಎಂಬುದರ ಮುಂದಿರುವ ಗುರುತನ್ನು ತೆಗೆಯಬೇಕು. ಹೊಸ ಪ್ರತಿಗಳನ್ನು ಸೇರಿಸಬೇಕಾಗಿದ್ದರೆ ಪಟ್ಟಿಯ ಕೊನೆಯಲ್ಲಿ ಕೆಲವು ಖಾಲಿ ಅಡ್ಡಸಾಲುಗಳಿಗೂ ಹೀಗೆಯೇ ಬೀಗ ತೆಗೆದಿಡತಕ್ಕದ್ದು. ಇಷ್ಟಾದ ಮೇಲೆ ‘ರಿವ್ಯೂ’ ಎಂಬ ವಿಭಾಗದಲ್ಲಿರುವ ‘ಪ್ರೊಟೆಕ್ಟ್ ಶೀಟ್’ ಎಂಬುದನ್ನು ಒತ್ತಿದರೆ ಒಂದು ಅನುಮತಿಪಟ್ಟಿ ಕಾಣಿಸುತ್ತದೆ. ಸೆಲ್ಲುಗಳನ್ನು ಆಯುವುದು, ರೂಪ ಬದಲಿಸುವುದು, ಸಾಲು ಸೇರಿಸುವುದು, ಸಾಲು ಅಳಿಸುವುದು, ವಿಂಗಡಿಸುವುದು, ಸೋಸಿ ನೋಡುವುದು ಮೊದಲಾದವುಗಳಲ್ಲಿ ಯಾವುದಕ್ಕೆ ಅನುಮತಿಯುಂಟೆಂಬುದನ್ನು ಇಲ್ಲಿ ಗುರುತುಮಾಡಬೇಕು. ಕೊನೆಯಲ್ಲಿ, ಬೇಕಿದ್ದರೆ, ಪಾಸ್‌ವರ್ಡ್ ಕೊಡಬಹುದು.

ಪಾಸ್‌ವರ್ಡ್ ಅನಿವಾರ್ಯವಲ್ಲವೆಂಬುದನ್ನು ವಿಶೇಷವಾಗಿ ಗಮನಿಸಬೇಕು. ಅದಿಲ್ಲದೆಯೂ ರಕ್ಷಣೆ ಸಿದ್ಧಿಸುತ್ತದೆ. ರಕ್ಷಣೆಯನ್ನು ತೆಗೆಯಬೇಕಾದವನು ಬುದ್ಧಿಪೂರ್ವಕವಾಗಿ ಒಂದು ಹೆಜ್ಜೆ ಇಡಬೇಕಾಗುತ್ತದೆ, ಅಷ್ಟೆ. ಅನವಧಾನವನ್ನು ತಡೆಯಲು ಆ ಒಂದು ಹೆಜ್ಜೆಯೇ ಸಾಕು. ಪಾಸ್‌ವರ್ಡ್ ಕೊಟ್ಟರೆ ಅದನ್ನು ಭಂಡಾರದ ದಾಖಲೆಪುಸ್ತಕದೊಡನೆ ಮುಚ್ಚಿದ ಲಕೋಟೆಯಲ್ಲಿರಿಸಿ ಇಬ್ಬರು ಹೊಣೆಗಾರರಿಗೆ ತಿಳಿಸಿರಬೇಕು. ಮರೆತ ಪಾಸ್‌ವರ್ಡನ್ನು ತಂತ್ರಾಂಶದ ತಯಾರಕರಾದ ಮೈಕ್ರೋಸಾಫ್ಟ್ ಸಂಸ್ಥೆಯವರೂ ಮರಳಿ ಕೊಡಲಾರರು.

ವಿಂಗಡಣೆಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಅನುಮತಿಪಟ್ಟಿಯಲ್ಲಿ ವಿಂಗಡಣೆಗೆ ಗುರುತು ಹಾಕಿದ್ದರೂ, ವಿಂಗಡಿಸಬೇಕಾದ ಭಾಗದಲ್ಲಿ ಬೀಗವಿರುವ ಸೆಲ್ಲುಗಳಿದ್ದರೆ ಎಕ್ಸೆಲ್ ಅದಕ್ಕೆ ಒಪ್ಪುವುದಿಲ್ಲ. ಇದನ್ನು ದೋಷವೆಂದು ಬಗೆದು ಬೀಗ ತೆಗೆಯಲು ಹೊರಡುವವರುಂಟು. ಸೂಚಿಯ ಮಟ್ಟಿಗೆ ಇದು ಗುಣವೇ ಹೊರತು ದೋಷವಲ್ಲ. ಒಬ್ಬ ಕರ್ತೃವಿನ ಕೃತಿಗಳನ್ನು ಮಾತ್ರ ನೋಡಬೇಕಾದವರು ‘ಫಿಲ್ಟರ್’ ಎಂಬ ಸೋಸುವ ಉಪಾಯವನ್ನು ಬಳಸಬಹುದು. ಅದು ಬೇಡವಾದ ಸಾಲುಗಳನ್ನು ಮರೆಮಾಡುತ್ತದೆಯೇ ಹೊರತು ಯಾವ ಸಾಲನ್ನೂ ಕದಲಿಸುವುದಿಲ್ಲ. ಆದರೆ ಫಿಲ್ಟರನ್ನು ರಕ್ಷಣೆಗೆ ಮುಂಚೆಯೇ ಅಳವಡಿಸಿ, ಅನುಮತಿಪಟ್ಟಿಯಲ್ಲಿ ಅದಕ್ಕೆ ಗುರುತು ಹಾಕಿರಬೇಕು. ವಿಂಗಡಣೆ ಅಗತ್ಯವೇ ಆದರೆ ಕಡತದ ನಕಲೊಂದರಲ್ಲಿ ಅದನ್ನು ಮಾಡತಕ್ಕದ್ದು, ಮೂಲದಲ್ಲಿ ಮಾಡತಕ್ಕದ್ದಲ್ಲ.

ಹಾಳೆಯೊಳಗಿನದನ್ನು ಕಾಯುವ ಈ ರಕ್ಷಣೆ ಹಾಳೆಯನ್ನೇ ಅಳಿಸದಂತೆ ತಡೆಯುವುದಿಲ್ಲ. ಅದಕ್ಕಾಗಿ ‘ಪ್ರೊಟೆಕ್ಟ್ ವರ್ಕ್‌ಬುಕ್’ ಎಂಬ ಬೇರೆಯೊಂದು ಆಜ್ಞೆಯಿದೆ. ಇದರಿಂದ ಹಾಳೆಗಳನ್ನು ಅಳಿಸುವುದು, ಹೆಸರು ಬದಲಿಸುವುದು, ಸ್ಥಾನ ಬದಲಿಸುವುದು, ಹೊಸದನ್ನು ಸೇರಿಸುವುದು ತಡೆಯಲ್ಪಡುತ್ತವೆ. ಸೂಚಿಗೆ ಎರಡು ರಕ್ಷಣೆಗಳೂ ಬೇಕು.

ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶದ ಕ್ಯಾಲ್ಕ್ ವಿಭಾಗದಲ್ಲಿಯೂ ತತ್ತ್ವ ಇದೇ. ಅಲ್ಲಿ ಹಾಳೆಯ ರಕ್ಷಣೆಯ ಆಜ್ಞೆ ‘ಟೂಲ್ಸ್’ ಪಟ್ಟಿಯಲ್ಲಿದೆ. ಗೂಗಲ್ ಶೀಟ್ಸ್‌ನಲ್ಲಿ ಮಾತ್ರ ಕ್ರಮ ಬೇರೆ. ಅಲ್ಲಿ ಸೆಲ್ಲುಗಳು ಹುಟ್ಟಿನಿಂದ ಬೀಗವುಳ್ಳವಲ್ಲ. ರಕ್ಷಿಸಬೇಕಾದ ಭಾಗವನ್ನೋ ಇಡೀ ಹಾಳೆಯನ್ನೋ ‘ಡೇಟಾ’ ಪಟ್ಟಿಯ ಮೂಲಕ ಹೆಸರಿಸಬೇಕು. ಇಡೀ ಹಾಳೆಯನ್ನು ರಕ್ಷಿಸಿ ಕೆಲವು ಸೆಲ್ಲುಗಳನ್ನು ಬಿಡಲೂಬಹುದು. ತಿದ್ದಲು ಹೊರಟವರಿಗೆ ಎಚ್ಚರಿಕೆ ಮಾತ್ರ ತೋರಿಸಬೇಕೇ, ಅಥವಾ ಹೆಸರಿಸಿದ ಕೆಲವರ ಹೊರತು ಇತರರಿಗೆ ತಿದ್ದಲು ಅವಕಾಶವೇ ಇರಬಾರದೇ ಎಂಬ ಎರಡು ಆಯ್ಕೆಗಳು ಅಲ್ಲಿವೆ. ಹಿಂದಿನ ರೂಪಗಳ ಚರಿತ್ರೆಯನ್ನು ಅದು ಕಾದಿಡುವುದರಿಂದ, ಯಾವ ಬದಲಾವಣೆ ಯಾವಾಗ ಆಯಿತೆಂಬುದನ್ನು ಅನಂತರ ನೋಡಬಹುದು. ಹಲವರು ಒಟ್ಟಾಗಿ ಒಂದೇ ಸೂಚಿಯಲ್ಲಿ ದುಡಿಯುವಲ್ಲಿ ಇದು ದೊಡ್ಡ ಉಪಕಾರ.

4. ಬೀಗಕ್ಕೆ ಮುಂಚಿನ ಕರ್ತವ್ಯ

ಬೀಗವು ಶುದ್ಧಪಾಠವನ್ನು ಕಾಯುವಂತೆಯೇ ಅಶುದ್ಧಪಾಠವನ್ನೂ ಕಾಯುತ್ತದೆ. ಆದುದರಿಂದ ರಕ್ಷಣೆಗೆ ಮುಂಚೆ ಪರಿಶೀಲನೆ ಅವಶ್ಯ. ಮನುಷ್ಯನ ಪ್ರಮಾದಕ್ಕಿಂತ ಯಂತ್ರದ ಅತ್ಯುತ್ಸಾಹದಿಂದಾದ ವಿಕಾರಗಳನ್ನು ಇಲ್ಲಿ ಹೆಚ್ಚಾಗಿ ಹುಡುಕಬೇಕು. ಹನ್ನೆರಡನೆಯ ಓಲೆಯ ಮೊದಲ ಮಗ್ಗುಲೆಂದು ‘12-1’ ಎಂದು ಬರೆದರೆ ಎಕ್ಸೆಲ್ ಅದನ್ನು ದಿನಾಂಕವೆಂದು ತಿಳಿದು, ಯಂತ್ರದ ಏರ್ಪಾಡಿಗೆ ತಕ್ಕಂತೆ, ಜನವರಿ 12 ಅಥವಾ ಡಿಸೆಂಬರ್ 1 ಎಂದು ಮಾರ್ಪಡಿಸುತ್ತದೆ. ಅನಂತರ ಅದನ್ನು ಅಕ್ಷರರೂಪಕ್ಕೆ ತಿರುಗಿಸಿದರೂ ಮೊದಲಿನ ಪಾಠ ಬರುವುದಿಲ್ಲ; ದಿನಗಳ ಎಣಿಕೆಯ ಒಂದು ದೊಡ್ಡ ಸಂಖ್ಯೆ ಮಾತ್ರ ಕಾಣುತ್ತದೆ. ಕಟ್ಟಿನ ಸಂಖ್ಯೆಯನ್ನು ‘007’ ಎಂದು ಬರೆದರೆ ಸೊನ್ನೆಗಳು ಹೋಗಿ 7 ಮಾತ್ರ ಉಳಿಯುತ್ತದೆ.

ಪ್ರತಿಯ ಕಾಲವನ್ನು ಬರೆಯುವಲ್ಲಿ ಇನ್ನೊಂದು ತೊಡಕಿದೆ. ಎಕ್ಸೆಲ್‌ನ ಸಾಮಾನ್ಯ ಗಣನೆ 1900ನೆಯ ಇಸವಿಯಿಂದ ಆರಂಭವಾಗುತ್ತದೆ. ಅದಕ್ಕಿಂತ ಹಿಂದಿನ ದಿನಾಂಕವನ್ನು ಅದು ದಿನಾಂಕವೆಂದೇ ಗುರುತಿಸದೆ ಅಕ್ಷರಗಳ ಸಾಲೆಂದು ಇರಿಸಿಕೊಳ್ಳುತ್ತದೆ. ಆರೋಹಣಕ್ರಮದಲ್ಲಿ ಸಂಖ್ಯೆಗಳು ಮೊದಲು, ಅಕ್ಷರಗಳು ಅನಂತರ ಬರುವುದರಿಂದ, 1920ರಲ್ಲಿ ನಕಲಾದ ಕಾಗದದ ಪ್ರತಿಯು 1750ರ ಓಲೆಯ ಪ್ರತಿಗಿಂತ ಮೊದಲು ನಿಲ್ಲುತ್ತದೆ. ಶಕವರ್ಷ, ಸಂವತ್ಸರ, ಮಾಸ, ತಿಥಿಗಳನ್ನು ಬೇರೆ ಬೇರೆ ಕಂಬಸಾಲುಗಳಲ್ಲಿ ಬರೆಯುವುದೇ ಇದಕ್ಕೆ ಪರಿಹಾರ.

ಇಂತಹ ವಿಕಾರಗಳು ಅಲ್ಪವೆಂದು ಉಪೇಕ್ಷಿಸಬಾರದು. ಜೀವವಿಜ್ಞಾನದಲ್ಲಿ ‘ಸೆಪ್ಟ್’, ‘ಮಾರ್ಚ್’ ಎಂದು ಆರಂಭವಾಗುವ ಜೀನುಗಳ ಸಂಕ್ಷಿಪ್ತನಾಮಗಳಿದ್ದವು. ಎಕ್ಸೆಲ್ ಅವುಗಳನ್ನು ತಿಂಗಳ ಹೆಸರೆಂದು ಭ್ರಮಿಸಿ ದಿನಾಂಕಗಳನ್ನಾಗಿಸುತ್ತಿತ್ತು. ಜೀನುಗಳ ಪಟ್ಟಿಯನ್ನು ಎಕ್ಸೆಲ್ ಕಡತಗಳಲ್ಲಿ ಲಗತ್ತಿಸಿದ ಸಂಶೋಧನ ಲೇಖನಗಳಲ್ಲಿ ಸುಮಾರು ಐದರಲ್ಲೊಂದು ಭಾಗದಲ್ಲಿ ಈ ಬಗೆಯ ತಪ್ಪುಗಳಿರುವುದಾಗಿ 2016ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಿಂದ ತಿಳಿದುಬಂದಿತು. ಕೊನೆಗೆ 2020ರಲ್ಲಿ ಆ ಶಾಸ್ತ್ರದ ನಾಮಕರಣ ಸಮಿತಿಯೇ ಜೀನುಗಳ ಹೆಸರನ್ನು ಬದಲಿಸಿದುದನ್ನು ಪ್ರಕಟಿಸಿತು. ಈ ತಾನಾಗಿ ಮಾರ್ಪಡಿಸುವ ಕ್ರಮವನ್ನು ನಿಲ್ಲಿಸುವ ಆಯ್ಕೆ ಎಕ್ಸೆಲ್‌ಗೆ 2023ರಲ್ಲಿ ಸೇರಿತು. ಜೀನಿಗೆ ಹೊಸ ಹೆಸರಿಡಬಹುದು. ಪೂರ್ವಾಚಾರ್ಯರ ಕೃತಿಗಳಿಗೂ ಓಲೆಗಳ ಅಂಕಗಳಿಗೂ ಯಂತ್ರದ ಅನುಕೂಲಕ್ಕಾಗಿ ಹೊಸ ಹೆಸರಿಡಲಾಗದು. ಸಂಖ್ಯೆ ಮತ್ತು ಓಲೆಯಂಕದ ಕಂಬಸಾಲುಗಳಿಗೆ ಬರೆಯುವುದಕ್ಕೆ ಮುಂಚೆಯೇ ‘ಟೆಕ್ಸ್ಟ್’ ಎಂಬ ಅಕ್ಷರರೂಪವನ್ನು ಗೊತ್ತುಮಾಡಿದರೆ ಈ ಅಪಾಯ ತಪ್ಪುತ್ತದೆ.

5. ರಕ್ಷಣೆಯ ಮಿತಿ

ಈ ಬೀಗವು ಖಜಾನೆಯ ಬೀಗವಲ್ಲ. ಅದು ಅನವಧಾನವನ್ನು ತಡೆಯುತ್ತದೆ, ದುರುದ್ದೇಶವನ್ನು ತಡೆಯಲಾರದು. ಹಾಳೆಯ ಪಾಸ್‌ವರ್ಡನ್ನು ನಿವಾರಿಸುವ ಉಪಾಯಗಳು ಬಲ್ಲವರಿಗೆ ಅಸಾಧ್ಯವೇನಲ್ಲ. ಸೆಲ್ಲುಗಳನ್ನು ಆಯಲು ಅನುಮತಿಯಿದ್ದರೆ ಅವುಗಳಲ್ಲಿರುವುದನ್ನು ನಕಲುಮಾಡಿ ಬೇರೆ ಹಾಳೆಗೆ ಒಯ್ಯಲೂಬಹುದು. ಯಾರೂ ನೋಡಬಾರದ ವಿಷಯವಿದ್ದರೆ ಕಡತವನ್ನೇ ಪಾಸ್‌ವರ್ಡಿನಿಂದ ಗೂಢಲಿಪಿಗೆ ತಿರುಗಿಸುವ ಬೇರೆ ವ್ಯವಸ್ಥೆಯನ್ನು ಅನುಸರಿಸಬೇಕು.

ಸೂಚಿಯನ್ನು ಇನ್ನೊಂದು ಸಂಸ್ಥೆಗೆ ಕಳುಹಿಸುವಾಗ ಸಿಎಸ್‌ವಿ ಎಂಬ ಸರಳ ಕಡತರೂಪಕ್ಕೆ ತಿರುಗಿಸುವುದು ರೂಢಿ. ಆ ರೂಪದಲ್ಲಿ ಅಕ್ಷರಗಳು ಮಾತ್ರ ಸಾಗುತ್ತವೆ. ಬೀಗವಾಗಲಿ, ಕಂಬಸಾಲಿಗೆ ಗೊತ್ತುಮಾಡಿದ ಅಕ್ಷರರೂಪವಾಗಲಿ ಸಾಗುವುದಿಲ್ಲ. ಅದನ್ನು ಪಡೆದವರು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದು ಉಳಿಸಿದರೆ ‘007’ ಮರಳಿ 7 ಆಗುತ್ತದೆ. ಆದುದರಿಂದ ಅಂತಹ ಕಡತದೊಡನೆ ಮುದ್ರಿತ ಪ್ರತಿಯನ್ನೋ ಪಿಡಿಎಫ್ ಪ್ರತಿಯನ್ನೋ ಕಳುಹಿಸುವುದು ವಿಹಿತ.

ಮೂಲದಲ್ಲಿ ತಿದ್ದುಪಡಿ ಎಂದೂ ಆಗಬಾರದೆಂಬುದು ಇದರ ತಾತ್ಪರ್ಯವಲ್ಲ. ಕರ್ತೃವಿಚಾರದಲ್ಲಿ ಹೊಸ ನಿರ್ಣಯ ಬಂದಾಗ ಸೂಚಿ ಬದಲಾಗಲೇಬೇಕು. ಆದರೆ ಆ ಬದಲಾವಣೆ ಗೊತ್ತಿದ್ದು ಆಗಬೇಕು. ಬೀಗ ತೆಗೆದು, ತಿದ್ದಿ, ಏನನ್ನು ಯಾರು ಯಾವ ದಿನ ಯಾವ ಆಧಾರದಿಂದ ತಿದ್ದಿದರೆಂಬುದನ್ನು ಬೇರೊಂದು ಹಾಳೆಯಲ್ಲಿ ಬರೆದು, ಮತ್ತೆ ಬೀಗ ಹಾಕತಕ್ಕದ್ದು. ಈ ಕ್ರಮದಿಂದ ವರ್ಕ್‌ಶೀಟಿಗೂ ಓಲೆಯಂತೆಯೇ ತಿದ್ದಿದ ಗುರುತು ಉಳಿಯುತ್ತದೆ.

ಪ್ರತ್ಯಂತರವಿಲ್ಲದೆ ಪಾಠಶುದ್ಧಿ ಕಷ್ಟವೆಂಬುದು ಪರಿಷ್ಕರಣಕಾರರ ಅನುಭವ. ಸೂಚಿಗೂ ಆ ಮಾತು ಸಲ್ಲುತ್ತದೆ. ತಿಂಗಳಿಗೊಮ್ಮೆ ದಿನಾಂಕ ಸಹಿತವಾದ ಪ್ರತಿಯೊಂದನ್ನು ಬೇರೆಡೆಯಲ್ಲಿರಿಸಿ, ವರ್ಷಕ್ಕೊಮ್ಮೆ ಮುದ್ರಿಸಿ ಭಂಡಾರದಲ್ಲಿಟ್ಟರೆ, ಬೀಗವೂ ತಪ್ಪಿದ ದಿನ ಪೂರ್ವಪಾಠವು ದೊರೆಯುತ್ತದೆ. ಎಣ್ಣೆ, ನೀರು, ಸಡಿಲವಾದ ಕಟ್ಟು ಇವುಗಳಿಂದ ಗ್ರಂಥವನ್ನು ಕಾಪಾಡಬೇಕೆಂದು ಹಿಂದಿನ ಲಿಪಿಕಾರರು ತಮ್ಮ ಪ್ರತಿಗಳ ಕೊನೆಯಲ್ಲಿ ಬೇಡಿಕೊಳ್ಳುತ್ತಿದ್ದರು. ಇಂದಿನ ಸೂಚಿಕಾರನು ಅದರೊಡನೆ ಕಾಪಾಡಬೇಕಾದುದು ಕೈತಪ್ಪಿ ಒತ್ತಿದ ಒಂದು ಕೀಲಿಯಿಂದ. ಪರಿಶೀಲನೆ, ಬೀಗ, ಪ್ರತ್ಯಂತರ ಎಂಬ ಈ ಮೂರು ಕ್ರಮಗಳನ್ನು ಪಾಲಿಸಿದ ಭಂಡಾರದಲ್ಲಿ, ಸೂಚಿ ಹೇಳಿದ ಕಟ್ಟನ್ನು ಬಿಚ್ಚಿದಾಗ ಸೂಚಿ ಹೇಳಿದ ಕೃತಿಯೇ ದೊರೆಯುವುದೆಂದು ವಿದ್ವಾಂಸರು ನಂಬಬಹುದು.